ಮಿದುಳಿನ ಚಿತ್ರ, ಮಿದುಳಿನ ರಕ್ತದ ಓಟ: ಕಲಬುರಗಿಯಲ್ಲಿ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಎಂಆರ್‌ಐ ಟೆಕ್ನಿಷಿಯನ್. ಇಲ್ಲಿಗೆ ಬರುವ ಮೊದಲು ಎರಡು ವರ್ಷ ಬೆಂಗಳೂರಿನ ಒಂದು ಸಂಶೋಧನಾ ಲ್ಯಾಬ್‌ನಲ್ಲಿ ಮಿದುಳಿನ ಸ್ಕ್ಯಾನ್ ಮಾಡುತ್ತಿದ್ದೆ. ಅದು ಗೊತ್ತಾದ ಮೇಲೆ ಜನ ಸುಮ್ನೆ ಬಿಡೋದಿಲ್ಲ. ಸೇಡಂನಿಂದ ತಂದೆಯನ್ನು ಕರೆತಂದ ಮಗ, ನರ್ಸಿಂಗ್ ಓದುವ ಹುಡುಗಿಯರು, ಬೀದರ್ ಕಡೆಯ ವಿಜ್ಞಾನದ ಮಾಸ್ತರು, ಎಲ್ಲರೂ ಕೇಳುತ್ತಾರೆ. ಕೇಳಬೇಕು ಕೂಡ. ಹೇಳಿದ ಉತ್ತರಗಳನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಮನೆಯವರ ಕಾಯಿಲೆ ಬಗ್ಗೆ ಮಾತ್ರ ಡಾಕ್ಟರ್ ಹತ್ತಿರವೇ ಕೇಳಿ.

ಈ ಸ್ಕ್ಯಾನಿನಲ್ಲಿ ಮನಸ್ಸಿನಲ್ಲಿ ಇರೋದೆಲ್ಲ ಕಾಣುತ್ತಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದೇ. ಹೋದ ವರ್ಷ ಜೇವರ್ಗಿ ಕಡೆಯ ಒಬ್ಬ ಮುತ್ಯಾ ಬಂದಿದ್ದರು. ಬಾಗಿಲಲ್ಲೇ ನಿಂತು ನನ್ನ ಕೈ ಹಿಡಿದರು. "ತಮ್ಮಾ, ಇದ್ರಾಗ ಒಳಗಿಂದೆಲ್ಲಾ ಕಾಣ್ತದೇನು? ಮನಸಿನ್ಯಾಗಿಂದು ಭೀ?" ಅಂದರು. "ಇಲ್ಲ ಮುತ್ಯಾ, ರಕ್ತ ಎಲ್ಲೆಲ್ಲಿ ಓಡ್ತದ, ಅಷ್ಟ ಕಾಣ್ತದ" ಅಂದೆ. ಆಮೇಲೆ ಕೈ ಬಿಟ್ಟರು.

ಅವರಿಗೆ ಹೇಳಿದ್ದು ಪೂರ್ತಿ ನಿಜ. ಮೊಬೈಲ್‌ನಲ್ಲಿ ಕೆಂಪು, ಹಳದಿ ಚುಕ್ಕೆ ಇರುವ ಮಿದುಳಿನ ಚಿತ್ರ ನೋಡಿರ್ತೀರಿ ಅಲ್ವಾ? ಆ ಬಣ್ಣ ಕಂಪ್ಯೂಟರ್ ಹಚ್ಚಿದ್ದು. ಒಂದು ಕೆಲಸ ಮಾಡುವಾಗ ಆ ಜಾಗದ ರಕ್ತದಲ್ಲಿ ಎಷ್ಟು ಬದಲಾವಣೆ ಆಯಿತು ಅನ್ನುವ ಲೆಕ್ಕಕ್ಕೆ ತಕ್ಕಂತೆ ಬಣ್ಣ ಬರುತ್ತದೆ. 2023ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಒಬ್ಬೊಬ್ಬರಿಗೆ 16 ತಾಸು ಕತೆ ಕೇಳಿಸಿ ಸ್ಕ್ಯಾನ್ ಮಾಡಿದರು. ಆಮೇಲೆ ಕೇಳಿದ ಹೊಸ ಕತೆಯ ಸಾರವನ್ನು ಕಂಪ್ಯೂಟರ್ ಅಷ್ಟಿಷ್ಟು ಊಹಿಸಿತು. ಆದರೆ ಒಬ್ಬರಿಗಾಗಿ ಕಲಿತ ಕಂಪ್ಯೂಟರ್ ಇನ್ನೊಬ್ಬರಿಗೆ ಬರಲಿಲ್ಲ. ಮಲಗಿದವರು ಬೇಕಂತಲೇ ಬೇರೆ ಏನೋ ಯೋಚಿಸಿದರೆ ಅದೂ ಕೈಕೊಟ್ಟಿತು. ನಿಮ್ಮ ಗುಟ್ಟು ನಿಮ್ಮ ಹತ್ತಿರವೇ ಇರುತ್ತದೆ.

ಮಿದುಳಿಗೆ ಎಷ್ಟು ರಕ್ತ ಬೇಕು?

ಮಿದುಳಿನ ತೂಕ ಸುಮಾರು 1.4 ಕಿಲೋ. ದೇಹದ ತೂಕದಲ್ಲಿ ನೂರಕ್ಕೆ 2 ಭಾಗ ಅಷ್ಟೇ. ಸುಮ್ಮನೆ ಮಲಗಿದ್ದಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ 20 ಭಾಗ ಇದಕ್ಕೇ ಬೇಕು. ಪ್ರತಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹೋಗುತ್ತದೆ. ಒಟ್ಟು ಲೆಕ್ಕ ಹಾಕಿದರೆ ನಿಮಿಷಕ್ಕೆ ಮುಕ್ಕಾಲು ಲೀಟರ್ ಹತ್ತಿರ.

ಮಿದುಳು ಹೆಚ್ಚೇನನ್ನೂ ಕೂಡಿಡುವುದಿಲ್ಲ. ನಮ್ಮ ಮನೆಗಳಲ್ಲಿ ವರ್ಷದ ಜೋಳ ತುಂಬಿಡುತ್ತೇವಲ್ಲ, ಅಂಥ ಹಗೇವು ಅದಕ್ಕಿಲ್ಲ. ದಿನಗೂಲಿಯವರ ಹಾಗೆ ಆಗಿನದು ಆಗ ಬರಬೇಕು. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ.

ರಕ್ತ ಹೋಗುವ ದಾರಿ ಹೇಗಿದೆ?

ಕುತ್ತಿಗೆಯಲ್ಲಿ ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ದೊಡ್ಡ ನಾಳಗಳು ಮೇಲೆ ಹೋಗುತ್ತವೆ. ಮಿದುಳಿನ ಬುಡದಲ್ಲಿ ಅವು ಒಂದು ಉಂಗುರದ ಹಾಗೆ ಕೂಡುತ್ತವೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಇದನ್ನು ವಿವರವಾಗಿ ಬರೆದ. ಅದಕ್ಕೇ ಅದು ವಿಲ್ಲಿಸ್ ವೃತ್ತ. ಒಂದು ದಾರಿ ಕಟ್ಟಿದರೆ ಇನ್ನೊಂದರಿಂದ ರಕ್ತ ಬರಲು ಇದು ಅನುಕೂಲ. ಆದರೆ ಎಲ್ಲರಲ್ಲೂ ಉಂಗುರ ಪೂರ್ತಿ ಇರುವುದಿಲ್ಲ.

ಅಲ್ಲಿಂದ ಮುಂದೆ ನಾಳಗಳು ಕವಲೊಡೆದು ಕೂದಲಿಗಿಂತ ಸಣ್ಣ ಆಗುತ್ತವೆ. ಅಂಥ ಸಣ್ಣ ನಾಳಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ ಅನ್ನುತ್ತಾರೆ. ಹತ್ತಿರ ಹತ್ತಿರ ಕಲಬುರಗಿಯಿಂದ ಬೆಂಗಳೂರಿನ ದಾರಿ! ಬೀದರ್‌ನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಮೇಲೆ ನಿಂತರೆ ಬರೀ ನೆಲ. ಕೆಳಗೆ ಸುರಂಗದಲ್ಲಿ ನೀರು ಹರಿಯುತ್ತಿರುತ್ತದೆ. ಅಲ್ಲಲ್ಲಿ ಇರುವ ಬಾವಿಯಂಥ ಕಿಂಡಿಯಲ್ಲಿ ಬಗ್ಗಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಸ್ಕ್ಯಾನ್‌ಗಳು ಆ ಕಿಂಡಿಗಳ ಹಾಗೆ.

ಕೆಲಸ ಮಾಡುವ ಜಾಗಕ್ಕೆ ರಕ್ತ ಜಾಸ್ತಿ ಹೋಗುತ್ತದೆ ಅಂತ ಮೊದಲು ಹೇಗೆ ತಿಳಿಯಿತು?

ಇದು ನನಗೆ ಬಹಳ ಇಷ್ಟದ ಕತೆ. ಇಟಲಿಯ ಟ್ಯೂರಿನ್‌ನಲ್ಲಿ ಆಂಜೆಲೊ ಮೊಸ್ಸೊ ಅನ್ನುವ ವಿಜ್ಞಾನಿ ಇದ್ದ. 1880ರ ಆಸುಪಾಸು. ಅವನ ಹತ್ತಿರ ಬರ್ಟಿನೊ ಅನ್ನುವ ಒಬ್ಬ ರೈತ ಬಂದ. ತಲೆಗೆ ಪೆಟ್ಟು ಬಿದ್ದು ತಲೆಬುರುಡೆಯಲ್ಲಿ ಒಂದು ಕಡೆ ಮೂಳೆ ಇರಲಿಲ್ಲ. ಚಿಕ್ಕ ಮಕ್ಕಳ ನೆತ್ತಿ ಮಿಡಿಯುವ ಹಾಗೆ ಅಲ್ಲಿ ಮಿಡಿತ ಕಾಣುತ್ತಿತ್ತು. ಮೊಸ್ಸೊ ಆ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಸುವ ಸಾಧನ ಕಟ್ಟಿದ. ಒಂದು ದಿನ ಮಧ್ಯಾಹ್ನ ಚರ್ಚಿನ ಗಂಟೆ ಬಾರಿಸಿತು. ಗೆರೆ ಏರಿತು. ಕೈಯ ಮಿಡಿತ ಮಾತ್ರ ಹಾಗೇ ಇತ್ತು. "ಗಂಟೆ ಕೇಳಿ ಪ್ರಾರ್ಥನೆ ನೆನಪಾಯಿತಾ?" ಅಂತ ಕೇಳಿದಾಗಲೂ ಗೆರೆ ಏರಿತು. ಎಂಟು ಹನ್ನೆರಡಲೆ ಎಷ್ಟು ಅಂತ ಕೇಳಿದಾಗಲೂ ಏರಿತು. ಶರಣಬಸವೇಶ್ವರ ಗುಡಿಯ ಗಂಟೆ ಕೇಳಿ ರಸ್ತೆಯಲ್ಲಿ ಹೋಗುವವರ ಕೈ ತಾನೇ ಎದೆಗೆ ಬರುತ್ತದಲ್ಲ, ಆಗ ಅವರ ತಲೆಯೊಳಗೂ ಹೀಗೇ ಆಗುತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ.

ಅದೇ ಮೊಸ್ಸೊ ಮನುಷ್ಯನನ್ನು ಮಲಗಿಸಿ ತೂಗುವ ದೊಡ್ಡ ತಕ್ಕಡಿಯನ್ನೂ ಮಾಡಿದ್ದ. ಯೋಚನೆ ಮಾಡಿದರೆ ತಲೆಗೆ ರಕ್ತ ಹೋಗಿ ಆ ಕಡೆ ಬಾಗುತ್ತದೆ ಅನ್ನುವ ಲೆಕ್ಕ. ನಮ್ಮ ಗಂಜ್‌ನಲ್ಲಿ ತೊಗರಿ ತೂಗುವವರು ಅದನ್ನು ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದರು.

1890ರಲ್ಲಿ ಇಂಗ್ಲೆಂಡಿನ ರಾಯ್ ಮತ್ತು ಶೆರಿಂಗ್ಟನ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಮಿದುಳು ತನಗೆ ಬೇಕಾದಷ್ಟು ರಕ್ತವನ್ನು ತಾನೇ ಕರೆಸಿಕೊಳ್ಳುತ್ತದೆ ಅಂತ ಬರೆದರು. ಆಮೇಲೆ ಬಹಳ ವರ್ಷ ಯಾರೂ ಸರಿಯಾಗಿ ಅಳೆಯಲಿಲ್ಲ. 1940ರ ದಶಕದಲ್ಲಿ ಅಮೆರಿಕದ ಸೀಮೋರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ ದಾರಿ ಹುಡುಕಿದರು. ನಗಿಸುವ ಅನಿಲ ಅನ್ನುವ ನೈಟ್ರಸ್ ಆಕ್ಸೈಡನ್ನು ಸ್ವಲ್ಪ ಪ್ರಮಾಣದಲ್ಲಿ ಹತ್ತು ನಿಮಿಷ ಉಸಿರಾಡಿಸುವುದು. ಮಿದುಳಿಗೆ ಹೋಗುವ ರಕ್ತದಲ್ಲಿ ಎಷ್ಟು, ಅಲ್ಲಿಂದ ವಾಪಸ್ ಬರುವ ರಕ್ತದಲ್ಲಿ ಎಷ್ಟು ಅಂತ ನೋಡುವುದು. ನಡುವಿನ ವ್ಯತ್ಯಾಸದಿಂದ ಓಟದ ಲೆಕ್ಕ ಸಿಗುತ್ತದೆ. ಆರೋಗ್ಯವಂತ ತರುಣರಲ್ಲಿ ಸಿಕ್ಕ ಅಂಕಿ 100 ಗ್ರಾಂಗೆ ನಿಮಿಷಕ್ಕೆ 54 ಮಿಲಿಲೀಟರ್.

ಆಗ ಒಂದು ಅಚ್ಚರಿ ಕಾದಿತ್ತು. ಮಲಗಿದವರಿಗೆ ಬಾಯಿಲೆಕ್ಕ ಕೊಟ್ಟು ಅಳೆದರೂ ಒಟ್ಟು ರಕ್ತ ಬದಲಾಗಲಿಲ್ಲ. ಮಿದುಳು ಯಾವಾಗಲೂ ದುಡಿಯುತ್ತಲೇ ಇರುತ್ತದೆ, ಜಾಗದಿಂದ ಜಾಗಕ್ಕೆ ಮಾತ್ರ ಓಟ ಏರುಪೇರಾಗುತ್ತದೆ. ಅದನ್ನು ಜಾಗ ಜಾಗವಾಗಿ ತೋರಿಸಿದವರು ಸ್ಕ್ಯಾಂಡಿನೇವಿಯಾದ ಲಾಸೆನ್ ಮತ್ತು ಇಂಗ್ವಾರ್. ವಿಕಿರಣ ಸೂಸುವ ಜೆನಾನ್ ಅನಿಲ ಬಳಸಿ, ತಲೆಯ ಪಕ್ಕ ಅದನ್ನು ಹಿಡಿಯುವ ಸಾಧನಗಳನ್ನು ಸಾಲಾಗಿ ಜೋಡಿಸಿ ನೋಡಿದರು.

ಮಾಮೂಲಿ ಎಂಆರ್‌ಐಗೂ ಎಫ್‌ಎಂಆರ್‌ಐಗೂ ಏನು ವ್ಯತ್ಯಾಸ?

ಮಷೀನ್ ಅದೇ. ಮಾಮೂಲಿ ಎಂಆರ್‌ಐ ಮನೆಯ ನಕ್ಷೆ ಇದ್ದ ಹಾಗೆ, ಗೋಡೆ ಎಲ್ಲಿ, ಬಾಗಿಲು ಎಲ್ಲಿ ಅಂತ ತೋರಿಸುತ್ತದೆ. ಎಫ್‌ಎಂಆರ್‌ಐಯಲ್ಲಿ ಯಾವ ಕೋಣೆಯಲ್ಲಿ ಯಾವಾಗ ಓಡಾಟ ಆಯಿತು ಅಂತ ತಿಳಿಯಲು ಎರಡು, ಮೂರು ಸೆಕೆಂಡಿಗೊಮ್ಮೆ ಇಡೀ ಮಿದುಳಿನ ಚಿತ್ರ ತೆಗೆಯುತ್ತಾ ಹೋಗುತ್ತೇವೆ. ಮಲಗಿದವರು 20 ಸೆಕೆಂಡ್ ಬೆರಳು ಆಡಿಸುತ್ತಾರೆ, 20 ಸೆಕೆಂಡ್ ಸುಮ್ಮನಿರುತ್ತಾರೆ. ಹೀಗೆ ಹತ್ತಾರು ಸಲ. ಆಮೇಲೆ ಎರಡನ್ನೂ ಹೋಲಿಸುತ್ತೇವೆ.

ರಕ್ತ ಜಾಸ್ತಿ ಬಂತು ಅಂತ ಮಷೀನಿಗೆ ಹೇಗೆ ಗೊತ್ತಾಗುತ್ತದೆ?

ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಿಂದ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಒಂದು ವಿಷಯ ಕಂಡುಹಿಡಿದರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಸೊಪ್ಪು ಹಾಕುವುದಿಲ್ಲ. ಆಮ್ಲಜನಕ ಇಳಿಸಿ ಖಾಲಿಯಾದದ್ದು ಸ್ಪಂದಿಸುತ್ತದೆ, ತನ್ನ ಸುತ್ತಲಿನ ಸಿಗ್ನಲ್ ಅನ್ನು ಸ್ವಲ್ಪ ಕೆಡಿಸುತ್ತದೆ. 1990ರಲ್ಲಿ ಸೇಯ್ಜಿ ಒಗಾವಾ ಅವರ ತಂಡ ಇದೇ ಗುಣದಿಂದ ಇಲಿಗಳ ಮಿದುಳಿನಲ್ಲಿ ರಕ್ತದ ಸ್ಥಿತಿ ನೋಡಬಹುದು ಅಂತ ತೋರಿಸಿತು. 1992ರಲ್ಲಿ ಮೂರು ತಂಡಗಳು ಮನುಷ್ಯರಲ್ಲಿ ಮಾಡಿ ತೋರಿಸಿದವು.

ಇಲ್ಲಿ ಒಂದು ಗಮನಿಸುವ ವಿಷಯ ಇದೆ. ಕೆಲಸ ಮಾಡುವ ಜಾಗ ಆಮ್ಲಜನಕ ಬಳಸಿದರೆ ಅಲ್ಲಿ ಖಾಲಿ ಹಿಮೋಗ್ಲೋಬಿನ್ ಜಾಸ್ತಿ ಆಗಬೇಕಿತ್ತು, ಅಲ್ವಾ? ಆಗುವುದು ಉಲ್ಟಾ. 1986ರಲ್ಲಿ ಫಾಕ್ಸ್ ಮತ್ತು ರೈಕಲ್ ಅಳೆದು ನೋಡಿದಾಗ ಆ ಜಾಗದಲ್ಲಿ ರಕ್ತದ ಓಟ ನೂರಕ್ಕೆ 29 ಏರಿತ್ತು, ಆಮ್ಲಜನಕದ ಬಳಕೆ ಬರೀ 5 ಏರಿತ್ತು. ಯಾದಗಿರಿ ಕಡೆಯ ರೈತರಿಗೆ ಹೀಗೆ ಹೇಳುತ್ತೇನೆ: ಒಂದು ಮಡಿಗೆ ನೀರು ಬೇಕು ಅಂತ ತೂಬು ಎತ್ತಿದರೆ ಬೇಕಾದದ್ದಕ್ಕಿಂತ ಜಾಸ್ತಿ ನೀರು ನುಗ್ಗುತ್ತದಲ್ಲ, ಹಾಗೆ. ಹೊಸ ರಕ್ತ ನುಗ್ಗಿ ಖಾಲಿ ಹಿಮೋಗ್ಲೋಬಿನ್ ಕೊಚ್ಚಿಹೋಗುತ್ತದೆ, ಸಿಗ್ನಲ್ ಏರುತ್ತದೆ. ಏರುವುದು ನೂರಕ್ಕೆ ಒಂದೋ ಎರಡೋ ಮೂರೋ ಅಷ್ಟೇ. ಅದೂ ತಡವಾಗಿ. ಬೆರಳು ಆಡಿಸಿದ ಐದಾರು ಸೆಕೆಂಡಿನ ಮೇಲೆ ಸಿಗ್ನಲ್ ತುದಿ ಮುಟ್ಟುತ್ತದೆ. ನರಕೋಶಗಳ ಮಾತುಕತೆ ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ.

ಪೆಟ್ ಸ್ಕ್ಯಾನ್‌ನಲ್ಲೂ ಇದೇ ನೋಡುತ್ತಾರಾ?

ನೋಡಬಹುದು. ವಿಕಿರಣ ಸೂಸುವ ಆಮ್ಲಜನಕ ಸೇರಿಸಿದ ನೀರನ್ನು ರಕ್ತಕ್ಕೆ ಬಿಟ್ಟು ಓಟ ಅಳೆಯುವುದು ಹಳೆಯ, ನಂಬಿಕೆಯ ವಿಧಾನ. ಆ ಆಮ್ಲಜನಕ ಎರಡು ನಿಮಿಷಕ್ಕೊಮ್ಮೆ ಅರ್ಧ ಆಗುತ್ತದೆ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಅನ್ನುವ ಮಷೀನ್ ಪಕ್ಕದಲ್ಲೇ ಇರಬೇಕು. ಕ್ಯಾನ್ಸರ್‌ಗೆ ಮಾಡುವ ಪೆಟ್ ಸ್ಕ್ಯಾನ್‌ನ ಸಕ್ಕರೆಯಂಥ ಔಷಧಿ ಸುಮಾರು 110 ನಿಮಿಷಕ್ಕೆ ಅರ್ಧ ಆಗುತ್ತದೆ, ಹಾಗಾಗಿ ಗಾಡಿಯಲ್ಲಿ ಸಾಗಿಸಬಹುದು. ಹೈದರಾಬಾದಿನಿಂದ ನಾಲ್ಕು ತಾಸಿನ ದಾರಿ ಅಂದುಕೊಂಡರೂ, ಬಂದು ಮುಟ್ಟುವ ಹೊತ್ತಿಗೆ ಕಾಲು ಭಾಗಕ್ಕಿಂತ ಕಡಿಮೆ ಉಳಿದಿರುತ್ತದೆ.

ರಕ್ತದ ಓಟವನ್ನೇ ನೇರ ಅಳೆಯುವ ಎಂಆರ್‌ಐ ಇಲ್ವಾ?

ಇದೆ. ಎಎಸ್‌ಎಲ್ ಅನ್ನುತ್ತಾರೆ, 1992ರಲ್ಲಿ ಬಂತು. ಕುತ್ತಿಗೆ ಹತ್ತಿರ ಹೋಗುವ ರಕ್ತಕ್ಕೆ ರೇಡಿಯೋ ಅಲೆಯಿಂದ ಒಂದು ಗುರುತು ಹಾಕುತ್ತೇವೆ. ಒಂದೆರಡು ಸೆಕೆಂಡ್ ಬಿಟ್ಟು ಆ ಗುರುತಿನ ರಕ್ತ ಮಿದುಳಿನ ಯಾವ ಭಾಗಕ್ಕೆ ಎಷ್ಟು ಮುಟ್ಟಿತು ಅಂತ ನೋಡುತ್ತೇವೆ. ಕಾಲುವೆ ನೀರಿಗೆ ಕುಂಕುಮ ಕದಡಿ ಬಿಟ್ಟು ಯಾವ ಹೊಲಕ್ಕೆ ಯಾವಾಗ ಬಂತು ಅಂತ ನೋಡಿದ ಹಾಗೆ. ಸೂಜಿ ಚುಚ್ಚುವುದು ಬೇಕಿಲ್ಲ. ವಯಸ್ಸಾದವರಿಗೆ, ಮಕ್ಕಳಿಗೆ ಇದು ಎಷ್ಟೋ ಅನುಕೂಲ. ಎಫ್‌ಎಂಆರ್‌ಐ ಏರಿತು ಇಳಿಯಿತು ಅಂತ ಮಾತ್ರ ಹೇಳುತ್ತದೆ, ಇದು ಮಿಲಿಲೀಟರ್‌ನಲ್ಲೇ ಅಂಕಿ ಕೊಡುತ್ತದೆ.

ಎಂಆರ್‌ಐಯಿಂದ ರೇಡಿಯೇಷನ್ ತಾಗುತ್ತಾ?

ಎಕ್ಸ್‌-ರೇ, ಸಿಟಿ ಸ್ಕ್ಯಾನ್‌ನ ರೇಡಿಯೇಷನ್ ಇದರಲ್ಲಿಲ್ಲ. ಸದ್ದು ಮಾತ್ರ ಜೋರು. ಕಿವಿಗೆ ಹಾಕಲು ಕೊಟ್ಟದ್ದನ್ನು ತೆಗೆಯಬೇಡಿ.

ತಾಯತ, ಉಡದಾರ, ಕಾಲುಂಗುರ ತೆಗೀಲೇಬೇಕಾ?

ತೆಗೀಲೇಬೇಕು. ಅಯಸ್ಕಾಂತ ಯಾವಾಗಲೂ ಚಾಲೂ ಇರುತ್ತದೆ, ರಾತ್ರಿಯೂ. ಕಬ್ಬಿಣದ ವಸ್ತು ಹಾರಿಹೋಗಿ ಬಡಿಯುತ್ತದೆ. ಬೇರೆ ಲೋಹ ಬಿಸಿಯಾಗಬಹುದು, ಚಿತ್ರ ಕೆಡಬಹುದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ, ಮಿದುಳಿನಲ್ಲಿ ಕ್ಲಿಪ್ ಇದ್ದರೆ, ಕಣ್ಣಿಗೆ ಲೋಹದ ಚೂರು ಬಿದ್ದಿದ್ದರೆ ಮೊದಲೇ ಹೇಳಿ.

ಆ ಮುತ್ಯಾ ಎಲ್ಲ ತೆಗೆದರು, ತೋಳಿನ ತಾಯತ ಮಾತ್ರ ತೆಗೆಯಲು ಒಪ್ಪಲಿಲ್ಲ. ಹಸಿರು ಬಟ್ಟೆಯಲ್ಲಿ ಹೊಲಿದಿತ್ತು, ಒಳಗೆ ತಗಡು. ಬಂದೇ ನವಾಜ್ ದರ್ಗಾದಲ್ಲಿ ಅವರ ಅವ್ವ ಕಟ್ಟಿಸಿದ್ದಂತೆ, ಅವರಿಗೆ ಏಳು ವರ್ಷ ಇದ್ದಾಗ. ಬಲವಂತ ಮಾಡಲು ನನಗೆ ಮನಸ್ಸು ಬರಲಿಲ್ಲ. ಅವರ ಸೊಸೆಯನ್ನು ಕರೆದು ಅಂಗೈಯಲ್ಲಿ ಹಿಡಿಸಿದೆ. ಗಾಜಿನ ಆಚೆ ನಿಂತು ಮುತ್ಯಾಗೆ ಕಾಣುವ ಹಾಗೆ ಹಿಡಿದುಕೊಂಡೇ ಇರಬೇಕು ಅಂತ ಹೇಳಿದೆ. ಆಕೆ ಅರ್ಧ ತಾಸು ಕೈ ಇಳಿಸಲಿಲ್ಲ.

ಚಹಾ ಕುಡಿದು ಬರಬಹುದಾ?

ಮಾಮೂಲಿ ಸ್ಕ್ಯಾನಿಗೆ ತೊಂದರೆ ಇಲ್ಲ. ರಕ್ತದ ಓಟದ ಸಂಶೋಧನೆಗೆ ಬರುವವರು ಕೆಲವು ತಾಸು ಚಹಾ, ಕಾಫಿ, ಬೀಡಿ ಬಿಡಬೇಕು. ಕೆಫೀನ್ ಮಿದುಳಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಎರಡು ಲೋಟ ಗಟ್ಟಿ ಕಾಫಿಯಷ್ಟು ಕೆಫೀನ್ ಓಟವನ್ನು ನೂರಕ್ಕೆ ಇಪ್ಪತ್ತಕ್ಕೂ ಮೇಲೆ ಇಳಿಸಬಹುದು. ಭಯಕ್ಕೆ ಜೋರು ಜೋರಾಗಿ ಉಸಿರಾಡಿದರೂ ಇಳಿಯುತ್ತದೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ನಾಳಗಳು ಮುದುಡುತ್ತವೆ. ಸ್ಕ್ಯಾನಿಗೆ ಮುಂಚೆ ಹತ್ತು ನಿಮಿಷ ನಾನು ಜನರ ಜೊತೆ ಕೂತು ಊರು, ಮಳೆ, ತೊಗರಿ ರೇಟ್ ಮಾತಾಡುವುದು ಇದಕ್ಕೇ.

"ಮೈಯಾಗ ರಕ್ತ ಕಡಿಮಿ ಅದ" ಅಂದಿದ್ದಾರೆ. ಅದರಿಂದ ಚಿತ್ರ ಬದಲಾಗುತ್ತಾ?

ಬದಲಾಗುತ್ತದೆ. ಸಂಶೋಧಕರು ಈ ಪ್ರಶ್ನೆಯನ್ನು ಇನ್ನೂ ಜಾಸ್ತಿ ಕೇಳಿಕೊಳ್ಳಬೇಕು ಅಂತ ನನ್ನ ಆಸೆ. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಮನೆಮನೆಯ ಮಾತು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಪ್ರತಿ ಹನಿ ರಕ್ತ ಹೊರುವ ಆಮ್ಲಜನಕ ಕಡಿಮೆ. ಅದನ್ನು ಸರಿದೂಗಿಸಲು ಮಿದುಳು ಜಾಸ್ತಿ ರಕ್ತ ಎಳೆದುಕೊಳ್ಳುತ್ತದೆ. ಅಂದರೆ ಓಟದ ಅಂಕಿ ಏರುತ್ತದೆ. ಇನ್ನೊಂದು ಕಡೆ, ಎಫ್‌ಎಂಆರ್‌ಐ ಸಿಗ್ನಲ್ ನಿಂತಿರುವುದೇ ಹಿಮೋಗ್ಲೋಬಿನ್ ಮೇಲೆ, ಹಾಗಾಗಿ ಅದು ಮಂಕಾಗುತ್ತದೆ.

ಈಗ ಯಾರೋ ಇಬ್ಬರು ಹೆಂಗಸರನ್ನು ಹೋಲಿಸಿದರು ಅಂದುಕೊಳ್ಳಿ. ಒಬ್ಬಾಕೆ ಊರಿನ ಕೂಲಿ ಹೆಣ್ಣುಮಗಳು, ಇನ್ನೊಬ್ಬಾಕೆ ನಗರದ ಕಾಲೇಜು ಹುಡುಗಿ. ಮೊದಲನೆಯವಳ ಚಿತ್ರದಲ್ಲಿ ಬಣ್ಣ ಕಡಿಮೆ. "ಮಿದುಳು ಕಡಿಮೆ ಕೆಲಸ ಮಾಡಿತು" ಅಂತ ಬರೆದುಬಿಟ್ಟರೆ ಅನ್ಯಾಯ. ಆಕೆಗೆ ಬೇಕಿದ್ದದ್ದು ಕಬ್ಬಿಣದ ಮಾತ್ರೆ ಇರಬಹುದು. ರಕ್ತ ಪರೀಕ್ಷೆ ಮಾಡದೆ ಮಿದುಳಿನ ಚಿತ್ರ ಹೋಲಿಸಬಾರದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಬಿಪಿ ಜಾಸ್ತಿ ಇದ್ದರೆ ಮಿದುಳಿಗೆ ರಕ್ತವೂ ಜಾಸ್ತಿ ಹೋಗುತ್ತಾ?

ಇಲ್ಲ. ಒತ್ತಡ ಏರಿದರೆ ಮಿದುಳಿನ ನಾಳಗಳು ಬಿಗಿಯುತ್ತವೆ, ಇಳಿದರೆ ಸಡಿಲ ಆಗುತ್ತವೆ. ಒಂದು ಮಿತಿಯೊಳಗೆ ಓಟ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವರ್ಷಗಟ್ಟಲೆ ಬಿಪಿ ಇದ್ದರೆ ನಾಳಗಳು ದಪ್ಪಗಾಗಿ ಈ ಹೊಂದಾಣಿಕೆ ಕೆಡುತ್ತದೆ. ಗುಳಿಗೆ ನೀವೇ ನಿಲ್ಲಿಸಬೇಡಿ, ಒಂದೇ ದಿನ ಎರಡು ನುಂಗಲೂಬೇಡಿ.

ಬಿಸಿಲಿಗೆ ತಲೆ ತಿರುಗಿ ಬೀಳುವುದು ಯಾಕೆ?

ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಚರ್ಮದ ನಾಳಗಳು ತೆರೆದುಕೊಳ್ಳುತ್ತವೆ, ಬೆವರಿ ನೀರು ಹೋಗಿರುತ್ತದೆ, ನಿಂತೇ ಇದ್ದರೆ ರಕ್ತ ಕಾಲಲ್ಲಿ ಉಳಿಯುತ್ತದೆ. ಒತ್ತಡ ಬಿದ್ದು ಮಿದುಳಿಗೆ ಕ್ಷಣ ಹೊತ್ತು ರಕ್ತ ಸಾಲದು. ನೆರಳಿಗೆ ತಂದು ಮಲಗಿಸಿ, ಕಾಲು ಎತ್ತಿಡಿ. ಎಬ್ಬಿಸಿ ನಿಲ್ಲಿಸಬೇಡಿ. ಎಚ್ಚರ ಬರದಿದ್ದರೆ, ಮೈ ಸುಡುತ್ತಿದ್ದರೆ, ಅದು ಬೇರೆ ಕಾಯಿಲೆ, ಆಸ್ಪತ್ರೆಗೆ ಓಡಿ.

ಲಕ್ವಾ ಹೊಡೆದಾಗ ಈ ಸ್ಕ್ಯಾನ್‌ಗಳಿಂದ ಏನು ಉಪಯೋಗ?

ರಕ್ತದ ಓಟದ ಸಂಶೋಧನೆ ಜೀವ ಉಳಿಸುವುದು ಇಲ್ಲೇ. ನಾಳ ಕಟ್ಟಿದಾಗ ಮಿದುಳು ಒಮ್ಮೆಲೇ ಪೂರ್ತಿ ಸಾಯುವುದಿಲ್ಲ. 100 ಗ್ರಾಂಗೆ ನಿಮಿಷಕ್ಕೆ 50 ಮಿಲಿಲೀಟರ್ ಅಂದೆನಲ್ಲ, ಅದು 20ಕ್ಕಿಂತ ಕೆಳಗೆ ಇಳಿದರೆ ಆ ಭಾಗ ಕೆಲಸ ನಿಲ್ಲಿಸುತ್ತದೆ. 10ರ ಕೆಳಗೆ ಹೋದರೆ ಬೇಗ ಸಾಯುತ್ತದೆ. ನಡುವೆ ಇರುವ ಭಾಗ ಬಾಡಿದೆ, ಇನ್ನೂ ಒಣಗಿಲ್ಲ. ನೀರು ಬಿಟ್ಟರೆ ಚಿಗುರುವ ಬೆಳೆ. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಈ ಸ್ಥಿತಿ ಬಿಡಿಸಿ ಹೇಳಬೇಕಿಲ್ಲ.

ಯಾವ ಭಾಗಕ್ಕೆ ಎಷ್ಟು ರಕ್ತ ಮುಟ್ಟುತ್ತಿದೆ ಅಂತ ನೋಡುವ ಪರ್ಫ್ಯೂಷನ್ ಸ್ಕ್ಯಾನ್ ಈ ಬಾಡಿದ ಭಾಗ ಎಷ್ಟು ಉಳಿದಿದೆ ಅಂತ ತೋರಿಸುತ್ತದೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ದೊಡ್ಡ ನಾಳ ಕಟ್ಟಿದ್ದರೆ ತಂತಿ ಹಾಕಿ ಗಡ್ಡೆ ಎಳೆಯುವ ಚಿಕಿತ್ಸೆ ಇದೆ. ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ತಾಸಿನವರೆಗೂ ಅದರಿಂದ ಲಾಭ ಇದೆ ಅಂತ 2018ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು. ಇಂಜೆಕ್ಷನ್‌ಗೆ ಮೊದಲು ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ಬೇಕೇಬೇಕು. ನಾಳ ಕಟ್ಟಿದೆಯೋ ಒಡೆದಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ.

ಚಿಕಿತ್ಸೆ ಸಿಗದ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅನ್ನುವುದು 2006ರ ಒಂದು ಲೆಕ್ಕ. ಪಾರಿವಾಳದ ರಕ್ತ ಹಚ್ಚಿ, ಎಣ್ಣೆ ತಿಕ್ಕಿ ಎರಡು ದಿನ ಕಾದು ಬಂದವರನ್ನು ನಾನು ನೋಡಿದ್ದೇನೆ. ಬೈಯುವುದಿಲ್ಲ. ಪ್ರೀತಿಯಿಂದಲೇ ಮಾಡಿರುತ್ತಾರೆ. ಆದರೆ ಆ ಎರಡು ದಿನ ಯಾರಿಂದಲೂ ವಾಪಸ್ ತರಲು ಆಗುವುದಿಲ್ಲ. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಕೊನೆಗೆ ಸರಿ ಇದ್ದದ್ದು ಎಷ್ಟು ಗಂಟೆಗೆ ಅಂತ ಬರೆದುಕೊಂಡು ಬನ್ನಿ. ಡಾಕ್ಟರ್ ಮೊದಲು ಕೇಳುವುದೇ ಅದು.

ನಮ್ಮಪ್ಪ ಕಣ್ಣು ಬಿಡ್ತಾರೆ, ಮಾತಾಡಲ್ಲ. ಅವರಿಗೆ ನಮ್ಮ ಮಾತು ಕೇಳಿಸುತ್ತಾ?

2006ರಲ್ಲಿ ಏಡ್ರಿಯನ್ ಓವನ್ ಅವರ ತಂಡ, ಏನೂ ಪ್ರತಿಕ್ರಿಯೆ ಇಲ್ಲದ ಒಬ್ಬ ತರುಣಿಯನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ "ಟೆನ್ನಿಸ್ ಆಡುತ್ತಿದ್ದೀನಿ ಅಂದುಕೋ" ಅಂತ ಹೇಳಿತು. ಆರೋಗ್ಯವಂತರಲ್ಲಿ ಏರುವ ಜಾಗದಲ್ಲೇ ಆಕೆಯ ಸಿಗ್ನಲ್ ಏರಿತು. 2024ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಹೊರಗೆ ಏನೂ ಪ್ರತಿಕ್ರಿಯೆ ತೋರದ 241 ಜನರಲ್ಲಿ 60 ಜನರ ಮಿದುಳು ಸ್ಪಂದಿಸಿತು. ನಾಲ್ವರಲ್ಲಿ ಒಬ್ಬರು. ನಿಮ್ಮ ತಂದೆ ಆ ಒಬ್ಬರೋ ಅಲ್ಲವೋ ನನಗೆ ಹೇಳಲು ಬರುವುದಿಲ್ಲ. ಅವರ ಹಾಸಿಗೆ ಪಕ್ಕ ಮಾತಾಡಿ. ಹೊಲದ ಸುದ್ದಿ, ಮೊಮ್ಮಕ್ಕಳ ಸುದ್ದಿ ಹೇಳಿ. ಆಸ್ತಿ ಜಗಳ ಅಲ್ಲಿ ಬೇಡ.

ಓದು ಬರದವರಿಗೆ ಎಫ್‌ಎಂಆರ್‌ಐ ಮಾಡಬಹುದಾ?

ಮಾಡಬಹುದು. ನಮ್ಮ ತಯಾರಿ ಸರಿ ಇರಬೇಕು. ಮಿದುಳಿನ ಗಡ್ಡೆ ತೆಗೆಯುವ ಮೊದಲು ಮಾತಿನ ಜಾಗ ಎಲ್ಲಿದೆ ಅಂತ ಗುರುತಿಸಿದರೆ ಸರ್ಜನ್‌ಗೆ ಸಹಾಯ ಆಗುತ್ತದೆ. ಆಗ ಚಿತ್ರ ತೋರಿಸಿ, ಮನಸ್ಸಿನಲ್ಲೇ ಹೆಸರು ಹೇಳಲು ಹೇಳುತ್ತೇವೆ.

ಬೆಂಗಳೂರಿನಲ್ಲಿ ಇದ್ದಾಗ ಆಳಂದ ಕಡೆಯ ಒಬ್ಬ ತಾಯಿ ಬಂದಿದ್ದರು. ನಮ್ಮ ಹತ್ತಿರ ಇದ್ದದ್ದು ಹೊರದೇಶದ ಚಿತ್ರಗಳ ಕಟ್ಟು. ಹಿಮದ ಗೊಂಬೆ, ಬ್ರೆಡ್ ಸುಡುವ ಮಷೀನ್, ಪಿಟೀಲಿನಂಥ ದೊಡ್ಡ ವಾದ್ಯ. ಪರದೆ ಮೇಲೆ ಮಾತಿನ ಜಾಗ ಖಾಲಿ ಖಾಲಿ ಕಂಡಿತು. ಹೊರಗೆ ಬಂದಾಗ ಕೇಳಿದೆ. "ಅವು ಏನಂತ ಗೊತ್ತಿದ್ರ ಹೆಸರು ಹೇಳ್ಬೇಕಲ್ಲಪ್ಪಾ" ಅಂದರು. ಆ ರಾತ್ರಿ ಕೂತು ನಾನೇ ಚಿತ್ರ ಬರೆದೆ. ಕುಡಗೋಲು, ಒರಳು, ಮೊರ, ರೊಟ್ಟಿ ಬುಟ್ಟಿ, ಎತ್ತಿನ ಗಾಡಿ, ಎಮ್ಮೆ. ಮರುದಿನ ಅದೇ ತಾಯಿ, ಅದೇ ಮಷೀನ್. ಎಡಗಡೆ ಮಾತಿನ ಜಾಗಗಳು ಸ್ಪಷ್ಟ ಕಂಡವು.

ನಮ್ಮಲ್ಲಿ ಒಬ್ಬರೇ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ, ಗಡಿ ಕಡೆ ಮರಾಠಿ ಅಥವಾ ತೆಲುಗು ಮಾತಾಡುತ್ತಾರೆ. ಯಾವ ಭಾಷೆಯಲ್ಲಿ ಹೇಳಲಿ ಅಂತ ಮೊದಲು ಅವರನ್ನೇ ಕೇಳಬೇಕು.

ಸುಳ್ಳು ಹೇಳಿದ್ದನ್ನು ಸ್ಕ್ಯಾನ್ ಹಿಡಿಯುತ್ತಾ?

ನಂಬುವಷ್ಟು ಹಿಡಿಯುವುದಿಲ್ಲ. ಪೊಲೀಸರ ಬ್ರೈನ್ ಮ್ಯಾಪಿಂಗ್ ಬೇರೆ, ಅದು ವಿದ್ಯುತ್ ಅಲೆ ನೋಡುವ ಪರೀಕ್ಷೆ. ಒಪ್ಪಿಗೆ ಇಲ್ಲದೆ ಅದನ್ನೂ, ಮಂಪರು ಪರೀಕ್ಷೆಯನ್ನೂ ಯಾರ ಮೇಲೂ ಮಾಡುವಂತಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ ಅದು.

ನಾವು ಮಿದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸ್ತೀವಂತೆ?

ಸುಳ್ಳು. ಬೆರಳಚ್ಚು ನೋಡಿ ಮಗುವಿನ ಮಿದುಳು ಎಂಥದು ಅಂತ ಹೇಳುತ್ತೇವೆ ಅನ್ನುವುದೂ ಸುಳ್ಳು. ಆ ದುಡ್ಡಲ್ಲಿ ಮಗುವಿಗೆ ಪುಸ್ತಕ ಕೊಡಿಸಿ.

ಹಾಗಾದರೆ ಈ ಬಣ್ಣದ ಚಿತ್ರಗಳನ್ನು ನಂಬಬಹುದಾ?

ಹೇಗೆ ಮಾಡಿದರು ಅಂತ ನೋಡಿ ನಂಬಬೇಕು. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಕೆಲವು ಆಕಸ್ಮಿಕವಾಗಿಯೇ ಏರಿದ ಹಾಗೆ ಕಾಣುತ್ತವೆ. ಅದಕ್ಕಾಗಿ ಲೆಕ್ಕದಲ್ಲಿ ಮಾಡಬೇಕಾದ ತಿದ್ದುಪಡಿ ಮಾಡದಿದ್ದಾಗ ಸತ್ತ ಮೀನಿನ ಮಿದುಳಲ್ಲೂ ಬಣ್ಣ ಬಂತು. ತಿದ್ದುಪಡಿ ಮಾಡಿದಾಗ ಬಣ್ಣ ಹೋಯಿತು. 2016ರಲ್ಲಿ ಸ್ವೀಡನ್‌ನ ಎಕ್ಲುಂಡ್ ಮತ್ತು ಸಂಗಡಿಗರು, ಎಲ್ಲರೂ ಬಳಸುವ ಸಾಫ್ಟ್‌ವೇರ್‌ಗಳ ಒಂದು ವಿಧಾನದಲ್ಲಿ ತಪ್ಪು ಫಲಿತಾಂಶ ಕೆಲವೊಮ್ಮೆ ನೂರಕ್ಕೆ 70ರವರೆಗೂ ಬರಬಹುದು ಅಂತ ತೋರಿಸಿದರು. ಈ ಕ್ಷೇತ್ರದ ಮೇಲೆ ನನ್ನ ಪ್ರೀತಿ ಇದರಿಂದ ಕಡಿಮೆ ಆಗಲಿಲ್ಲ. ತಪ್ಪನ್ನು ಒಳಗಿನವರೇ ಹುಡುಕಿ ಎಲ್ಲರ ಮುಂದೆ ಇಟ್ಟರು. ಎಷ್ಟು ಜನರನ್ನು ನೋಡಿದರು, ಬೇರೆಯವರು ಮಾಡಿದಾಗಲೂ ಬಂತಾ, ಇವೆರಡನ್ನು ಮೊದಲು ಕೇಳಿ.

ನಮ್ಮ ಕಡೆಯ ಜನ ಸಂಶೋಧನೆಯಲ್ಲಿ ಇದ್ದಾರಾ?

ಬಹಳ ಕಡಿಮೆ. ಜಗತ್ತಿನ ಮಿದುಳಿನ ಚಿತ್ರಗಳಲ್ಲಿ ಬಹುಪಾಲು ಶ್ರೀಮಂತ ದೇಶದವರದ್ದು, ಅದರಲ್ಲೂ ಕಾಲೇಜು ಹುಡುಗರದ್ದು. ಒಳ್ಳೆಯ ಉದಾಹರಣೆಗಳೂ ಇವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ವಯಸ್ಸಾಗುವ ಮಿದುಳಿನ ಬಗ್ಗೆ ವರ್ಷಗಳಿಂದ ಅಧ್ಯಯನ ನಡೆಸುತ್ತಿದೆ. ಲಖನೌ ಹತ್ತಿರದ ಹಳ್ಳಿಗಳಲ್ಲಿ ಓದು ಬರದ ದೊಡ್ಡವರಿಗೆ ಆರು ತಿಂಗಳು ಅಕ್ಷರ ಕಲಿಸಿ, ಮೊದಲು ಮತ್ತು ಆಮೇಲೆ ಸ್ಕ್ಯಾನ್ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆ ವಯಸ್ಸಲ್ಲೂ ಮಿದುಳಿನ ಒಳಗಿನ ಸಂಪರ್ಕ ಬದಲಾಗಿತ್ತು.

ಕಲಬುರಗಿ, ಬೀದರ್, ಯಾದಗಿರಿಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಬಿಸಿಲು, ರಕ್ತಹೀನತೆ, ನಾಲ್ಕು ಭಾಷೆ, ಎಲ್ಲ ಸೇರಿದ ನಮ್ಮ ಜನರ ಮಿದುಳಿನ ರಕ್ತದ ಓಟವನ್ನು ಇಲ್ಲೇ ಅಳೆಯುವ ದಿನ ಬರಬೇಕು. ಯಾರಾದರೂ ನಿಮ್ಮನ್ನು ಸಂಶೋಧನೆಗೆ ಕರೆದರೆ, ನಿಮಗೆ ತಿಳಿಯುವ ಭಾಷೆಯಲ್ಲಿ ಎಲ್ಲ ವಿವರಿಸಬೇಕು. ಬರೆದ ಒಪ್ಪಿಗೆ ಬೇಕು. ನಡುವೆ ಬೇಡ ಅನ್ನಿಸಿದರೆ ಎದ್ದು ಬರಬಹುದು, ಅದರಿಂದ ನಿಮ್ಮ ಚಿಕಿತ್ಸೆಗೆ ಧಕ್ಕೆ ಆಗಬಾರದು.

ನಾನು ಬಿಎಸ್‌ಸಿ ಓದ್ತಿದ್ದೀನಿ. ಇದನ್ನು ಹೇಗೆ ಕಲಿಯಲಿ?

ಸ್ಕ್ಯಾನರ್ ಇಲ್ಲ ಅಂತ ಕೂರಬೇಡಿ. ಓಪನ್‌ನ್ಯೂರೊ ಅನ್ನುವ ತಾಣದಲ್ಲಿ ನಿಜವಾದ ಸ್ಕ್ಯಾನ್‌ಗಳು ಉಚಿತವಾಗಿ ಸಿಗುತ್ತವೆ, ಹೆಸರು ತೆಗೆದು ಇಟ್ಟಿರುತ್ತಾರೆ. ಎಫ್‌ಎಸ್‌ಎಲ್, ಎಎಫ್‌ಎನ್‌ಐ, ನೈಲರ್ನ್, ಈ ಸಾಫ್ಟ್‌ವೇರ್‌ಗಳಿಗೂ ದುಡ್ಡು ಬೇಕಿಲ್ಲ. ಶಹಾಪುರದಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಬೆರಳು ಆಡಿಸಿದ ಪ್ರಯೋಗವನ್ನು ನೀವೇ ಲೆಕ್ಕ ಹಾಕಿ ನೋಡಬಹುದು. 1995ರಲ್ಲಿ ಭರತ್ ಬಿಸ್ವಾಲ್ ಅನ್ನುವ ಭಾರತೀಯ ಮೂಲದ ಸಂಶೋಧಕ, ಸುಮ್ಮನೆ ಮಲಗಿದವರ ಸಿಗ್ನಲ್ ಏರಿಳಿತವನ್ನು ಕೂತು ನೋಡಿದರು. ಬೇರೆಯವರು ಅದನ್ನು ಗದ್ದಲ ಅಂತ ಬಿಟ್ಟಿದ್ದರು. ಎಡಗೈ ಆಡಿಸುವ ಜಾಗವೂ ಬಲಗೈ ಆಡಿಸುವ ಜಾಗವೂ ಒಟ್ಟಿಗೆ ಏರಿಳಿಯುತ್ತಿದ್ದವು. ಅದರಿಂದ ಒಂದು ಹೊಸ ಕ್ಷೇತ್ರವೇ ಹುಟ್ಟಿತು. ಗಣಿತ ಗಟ್ಟಿ ಮಾಡಿಕೊಳ್ಳಿ, ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಕಲಿಯಿರಿ.

ಸ್ಕ್ಯಾನ್ ಮುಗಿದ ಮೇಲೆ ಏನು ಮಾಡಬೇಕು?

ತಟ್ಟನೆ ಏಳಬೇಡಿ. ಅಷ್ಟು ಹೊತ್ತು ಮಲಗಿ ಎದ್ದರೆ ರಕ್ತ ಕಾಲಿಗೆ ಇಳಿದು ತಲೆ ತಿರುಗಬಹುದು. ಮಗ್ಗುಲಾಗಿ, ಎದ್ದು ಕೂತು, ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಇರಿ. ಆ ಮುತ್ಯಾ ಹಾಗೇ ಕೂತಿದ್ದಾಗ ಸೊಸೆ ತಾಯತ ಕಟ್ಟಿದರು. ಗಂಟು ಬಿಗಿಯಾಗಿದೆಯಾ ಅಂತ ಮುತ್ಯಾ ಎರಡು ಸಲ ಎಳೆದು ನೋಡಿದರು. ಆಮೇಲೆ "ಈಗರೆ ಚಾ ಕುಡೀಬಹುದೇನ್ ತಮ್ಮಾ?" ಅಂತ ಕೇಳಿದರು. ಕುಡೀರಿ ಅಂದೆ.